ಬಲಗೈ ಹೋದಲ್ಲೇ ಎಡಗೈ ಹೋಗುತ್ತಿದೆ, ಏನು ಮಾಡಲಿ?

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಹಾಸನದಲ್ಲಿ ಇದ್ದೇನೆ. ಮೃದಂಗ ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಯಿತು. ಚಿಕ್ಕಂದಿನಿಂದಲೂ ಆಸೆ ಇತ್ತು. ಆಗ ಮನೆಯಲ್ಲಿ ಹೆಣ್ಣುಮಗುವಿಗೆ ಮೃದಂಗ ಯಾಕೆ ಅಂತ ವೀಣೆಗೆ ಸೇರಿಸಿದರು. ಈಗ ಮಗಳು ಪಿಯುಸಿಗೆ ಬಂದಿದ್ದಾಳೆ, ಸಂಜೆ ಒಂದು ಗಂಟೆ ನನ್ನದೇ ಆಗಿ ಸಿಗುತ್ತದೆ. ಆ ಒಂದು ಗಂಟೆ ಮೃದಂಗದ ಮುಂದೆ ಕೂರುತ್ತೇನೆ.

ತೊಂದರೆ ಇದು. ಆದಿತಾಳದಲ್ಲಿ ‘ತಕಿಟ ತಕಿಟ ತಕ’ ನುಡಿಸಬೇಕು. ಮೂರು, ಮೂರು, ಎರಡು. ಒಟ್ಟು ಎಂಟು ಮಾತ್ರೆ. ಬಲಗೈ ಒತ್ತು ಒಂದು, ನಾಲ್ಕು, ಏಳನೇ ಮಾತ್ರೆಗೆ ಬರುತ್ತದೆ. ಎಡಗೈ ‘ತೊಂ’ ಮಾತ್ರ ತಾಳದ ಜೊತೆಗೇ ಇರಬೇಕು, ಅಂದರೆ ಒಂದು ಮತ್ತು ಐದಕ್ಕೆ. ನನಗೆ ಹಾಗೆ ಆಗುತ್ತಲೇ ಇಲ್ಲ. ಬಲಗೈ ಎಲ್ಲಿ ಒತ್ತುತ್ತದೋ ಎಡಗೈಯೂ ಅಲ್ಲೇ ಹೋಗಿ ಬೀಳುತ್ತದೆ. ಒಂದೊಂದು ಕೈ ಬೇರೆ ಬೇರೆ ಮಾಡಿದರೆ ಸರಿಯಾಗಿ ಬರುತ್ತದೆ. ಎರಡೂ ಸೇರಿಸಿದ ತಕ್ಷಣ ಕೆಡುತ್ತದೆ.

ಈ ಸಲ ರಾಮನವಮಿಗೆ ಒಂದು ಭಜನೆಯಲ್ಲಿ ನುಡಿಸೋಕೆ ಕೂತಿದ್ದೆ. ಒಂದು ಹಾಡು ತಿಶ್ರ ನಡೆಗೆ, ಅಂದರೆ ಮೂರರ ಲೆಕ್ಕಕ್ಕೆ, ತಿರುಗಿತು. ಎರಡನೇ ಆವರ್ತಕ್ಕೆ (ತಾಳದ ಎರಡನೇ ಸುತ್ತಿಗೆ) ತಾಳ ತಪ್ಪಿತು. ಹಾಡುವವರೇ ನನ್ನ ಕಡೆ ತಿರುಗಿ ಕೈಯಲ್ಲಿ ತಾಳ ತೋರಿಸಬೇಕಾಯಿತು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಈ ವಯಸ್ಸಿನಲ್ಲಿ ಕೈ ಬೇರೆ ಬೇರೆ ಆಗುತ್ತದಾ? ಆದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ.

ಕೀಬೋರ್ಡ್ ಚಿಕ್ಕಮಗಳೂರು

ಮೇಡಂ, ವಯಸ್ಸಿನ ಚಿಂತೆ ಬಿಡಿ. ಇದು ಎಲ್ಲರ ಕೈಗೂ ಆಗುವುದೇ. ಒಂದು ಪ್ರಯೋಗ ಮಾಡಿ ನೋಡಿ. ಎರಡೂ ತೋರುಬೆರಳು ಮುಂದೆ ಚಾಚಿ. ಕಾರಿನ ವೈಪರ್ ತರ ಎರಡನ್ನೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಆಡಿಸಿ. ನಿಧಾನವಾಗಿ ಸರಿಯಾಗಿ ಬರುತ್ತದೆ. ಈಗ ವೇಗ ಜಾಸ್ತಿ ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ನಿಮಗೆ ಗೊತ್ತಿಲ್ಲದೆಯೇ ಎರಡೂ ಬೆರಳು ಕನ್ನಡಿಯಲ್ಲಿ ಕಂಡಂತೆ ಒಳಗೆ, ಹೊರಗೆ ಆಡೋಕೆ ಶುರು ಮಾಡುತ್ತವೆ.

ಸ್ಕಾಟ್ ಕೆಲ್ಸೊ ಅನ್ನುವ ವಿಜ್ಞಾನಿ 1984ರಲ್ಲಿ ಇದನ್ನು ಅಳತೆ ಮಾಡಿ ಪ್ರಕಟಿಸಿದರು. ನಿಧಾನದಲ್ಲಿ ಎರಡು ರೀತಿಯೂ ನಿಲ್ಲುತ್ತವೆ. ವೇಗ ಏರಿದಾಗ ಕನ್ನಡಿಯಂತೆ ಆಡುವ ರೀತಿ ಒಂದೇ ಉಳಿಯುತ್ತದೆ. ನಿಮ್ಮ ಎಡಗೈ ಬಲಗೈ ಹಿಂದೆ ಹೋಗುವುದು ದೇಹದ ಸ್ವಭಾವ, ನಿಮ್ಮ ದಡ್ಡತನ ಅಲ್ಲ. ಅದಕ್ಕೇ ಮೊದಲು ವೇಗ ಇಳಿಸಿ. ಎಷ್ಟು ಇಳಿಸಬೇಕು ಅಂದರೆ, ‘ತೊಂ’ ಬೀಳುವ ಮುಂಚೆ ಈಗ ಎಡಗೈ ಅಂತ ನಿಮಗೆ ಗೊತ್ತಾಗುವಷ್ಟು.

ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಹೊಸ ಹಾಡು ಬಂದರೆ ಎಡಗೈ ಒಂದನ್ನೇ ನೂರು ಸಲ, ಬಲಗೈ ಒಂದನ್ನೇ ನೂರು ಸಲ. ಆಮೇಲೆ ಸೇರಿಸುವುದು.

ಎಡಂತಲೆ (ಅರಕಲಗೂಡು)

ಪ್ರಯೋಗ ಚೆನ್ನಾಗಿದೆ, ಮಾಡಿ ನೋಡಿದೆ. ಆದರೆ ಕೊನೆಯ ಮಾತು ನಾನು ಒಪ್ಪುವುದಿಲ್ಲ ಸರ್. ಅಕ್ಕ ಆಗಲೇ ಬರೆದಿದ್ದಾರೆ, ಒಂದೊಂದು ಕೈ ಬೇರೆ ಮಾಡಿದರೆ ಬರುತ್ತದೆ ಅಂತ. ಇನ್ನು ನೂರು ಸಲ ಬೇರೆ ಬೇರೆ ಮಾಡಿದರೆ ಏನು ಸಿಗುತ್ತದೆ? ಬಾರದೇ ಇರುವುದು ಸೇರಿಸುವುದು. ಕಲಿಯಬೇಕಾದ್ದೂ ಅದನ್ನೇ.

ನಾನು ಇಪ್ಪತ್ತು ವರ್ಷದಿಂದ ನುಡಿಸುತ್ತಿದ್ದೇನೆ, ಹತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ನನಗೆ ಕಂಡದ್ದು ಇಷ್ಟು. ಎರಡು ಕೈ ಎರಡು ಬೇರೆ ಲೆಕ್ಕ ಇಟ್ಟುಕೊಳ್ಳಬೇಕು ಅಂದುಕೊಳ್ಳುತ್ತೇವಲ್ಲ, ತಪ್ಪು ಅಲ್ಲಿಂದಲೇ ಶುರು. ಮನಸ್ಸು ಎರಡು ಲೆಕ್ಕ ಇಡುವುದಿಲ್ಲ. ಇಡುವುದು ಒಂದೇ. ಎರಡು ಕೈಯ ಪೆಟ್ಟೂ ಸೇರಿ ಒಂದು ಮಾತಾಗುತ್ತದೆ. ಆ ಮಾತಿನ ಕೆಲವು ಅಕ್ಷರ ಬಲಗೈ ಹೇಳುತ್ತದೆ, ಕೆಲವು ಎಡಗೈ, ಕೆಲವು ಎರಡೂ ಒಟ್ಟಿಗೆ. ಮಾತು ಬಾಯಿಗೆ ಬಂದರೆ ಕೈಗೆ ಬರುತ್ತದೆ. ಮೊದಲು ಸೊಲ್ಲು, ಆಮೇಲೆ ಕೈ ಅಂತ ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ.

ಹಳೆಯ ಮನೆಗಳಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುತ್ತಿದ್ದರು. ನಮ್ಮ ಅಜ್ಜಿ ಮತ್ತು ಪಕ್ಕದ ಮನೆಯವರು ಭತ್ತ ಕುಟ್ಟುವುದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಒಬ್ಬರ ಒನಕೆ ಮೇಲೆ ಹೋದಾಗ ಇನ್ನೊಬ್ಬರದು ಒರಳಿಗೆ ಬೀಳುತ್ತಿತ್ತು. ಹೊರಗೆ ಜಗಲಿಯಲ್ಲಿ ಕೂತವರಿಗೆ ಅದು ಒಂದೇ ಸದ್ದು. ಇಬ್ಬರಲ್ಲಿ ಯಾರೂ ತನ್ನ ಪೆಟ್ಟು ಎಣಿಸುತ್ತಿರಲಿಲ್ಲ. ಇಬ್ಬರೂ ಆ ಒಂದು ಸದ್ದನ್ನೇ ಕೇಳಿಕೊಂಡು ಕುಟ್ಟುತ್ತಿದ್ದರು.

ಅಕ್ಕ, ಇನ್ನೊಂದು. ನುಡಿಸುವಾಗ ನಿಮ್ಮ ಎಡ ಹೆಗಲು ನೋಡಿಕೊಳ್ಳಿ. ಎಡಗೈ ತಪ್ಪುವ ಮಕ್ಕಳೆಲ್ಲರ ಹೆಗಲು ಕಿವಿಯ ಕಡೆ ಏರಿರುತ್ತದೆ. ಮೊಣಕೈ ಕೆಳಗೆ ಬಿಡಿ. ಎಡಗಡೆ ಚರ್ಮಕ್ಕೆ ನಾದಕ್ಕೆ ಅಂತ ಮೆತ್ತುವ ರವೆ ಸರಿಯಾಗಿ ಹಚ್ಚಿದ್ದೀರಾ? ರವೆ ಒಣಗಿದ್ದರೆ ‘ತೊಂ’ ಗಟ್ಟಿಯಾಗಿ ಕೇಳುವುದಿಲ್ಲ. ಕೇಳದಿದ್ದರೆ ಕೈ ತಾನಾಗಿ ಜೋರಾಗಿ ಹೊಡೆಯೋಕೆ ಹೋಗುತ್ತದೆ. ಆಗ ಹೆಗಲು ಬಿಗಿಯಾಗುತ್ತದೆ.

ಹೇಮಾವತಿ ದಂಡೆ (ಹಾಸನ)

ಸರ್, ಹೆಗಲು ನಿಜ! ಈಗಷ್ಟೇ ಕೂತು ನೋಡಿದೆ. ಎರಡು ಕೈ ಸೇರಿಸುವಾಗ ಮಾತ್ರ ಏರುತ್ತದೆ. ರವೆ ತೆಳ್ಳಗೆ ಹಚ್ಚುತ್ತಿದ್ದೆ, ಅದೂ ನಿಜ.

ಆದರೆ ‘ತಕಿಟ ತಕಿಟ ತಕ’ ಬಾಯಲ್ಲಿ ಚೆನ್ನಾಗಿಯೇ ಬರುತ್ತದೆ. ಬಾಯಿಗೆ ಬಂದರೂ ಕೈಗೆ ಯಾಕೆ ಬರುತ್ತಿಲ್ಲ?

ಎಡಂತಲೆ (ಅರಕಲಗೂಡು)

ಯಾಕೆಂದರೆ ಅದು ಬಲಗೈಯ ಮಾತು ಮಾತ್ರ. ಎಡಗೈ ಅದರಲ್ಲಿ ಇಲ್ಲ. ಎರಡೂ ಸೇರಿದ ಮಾತು ಬೇರೆ ಇದೆ. ಅದನ್ನು ಹೇಗೆ ಬರೆಯಲಿ ಅಂತ ಯೋಚನೆ ಮಾಡುತ್ತಿದ್ದೇನೆ. ಎದುರಿಗೆ ಕೂತಿದ್ದರೆ ತೊಡೆ ತಟ್ಟಿ ತೋರಿಸಬಹುದಿತ್ತು.

ಕಡೂರಿನ ಕನ್ನಡ ಮೇಷ್ಟ್ರು

ನಾನು ಸಂಗೀತ ಕಲಿತವನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದೆ, ಸ್ವಲ್ಪ ಗಮಕ (ಕಾವ್ಯವನ್ನು ರಾಗವಾಗಿ ಓದುವುದು) ಗೊತ್ತು. ಇದನ್ನು ಬರೆಯುವ ದಾರಿ ನಮ್ಮ ಛಂದಸ್ಸಿನಲ್ಲೇ ಇದೆ. ಎಲ್ಲರೂ ಶಾಲೆಯಲ್ಲಿ ಕಲಿತಿದ್ದೀರಿ. ಲಘು ಒಂದು ಮಾತ್ರೆ. ಗುರು ಎರಡು ಮಾತ್ರೆ. ಎಳೆದು ಹೇಳಿದರೆ ಪ್ಲುತ, ಮೂರು ಮಾತ್ರೆ.

ಮೊದಲು ಸುಲಭದ್ದು ತೆಗೆದುಕೊಳ್ಳೋಣ. ಒಂದು ಕೈ ಮೂರು ಪೆಟ್ಟು ಹಾಕುವಷ್ಟರಲ್ಲಿ ಇನ್ನೊಂದು ಕೈ ಎರಡು ಹಾಕಬೇಕು. ಒಟ್ಟು ಆರು ಮಾತ್ರೆ. ಮೂರರ ಕೈ ಒಂದು, ಮೂರು, ಐದಕ್ಕೆ. ಎರಡರ ಕೈ ಒಂದು, ನಾಲ್ಕಕ್ಕೆ. ಎರಡೂ ಸೇರಿಸಿ ನೋಡಿ: ಒಂದು, ಮೂರು, ನಾಲ್ಕು, ಐದು. ನಡುವಿನ ಅಳತೆ ಗುರು, ಲಘು, ಲಘು, ಗುರು. ಇದಕ್ಕೆ ಒಂದು ಮಾತು ಹುಡುಕಿದೆ.

ಕಾಫಿ ಕೊಡೋ.

‘ಕಾ’ ಎರಡೂ ಕೈ. ‘ಫಿ’ ಬಲಗೈ. ‘ಕೊ’ ಎಡಗೈ. ‘ಡೋ’ ಬಲಗೈ. ಮೇಜಿನ ಮೇಲೆ ತಟ್ಟುತ್ತಾ ಬಿಡದೆ ಹೇಳಿ. ಕಾಫಿ ಕೊಡೋ, ಕಾಫಿ ಕೊಡೋ. ಬಲಗೈ ಒಂದನ್ನೇ ಕೇಳಿಸಿಕೊಂಡರೆ ಸಮನಾಗಿ ಮೂರು. ಎಡಗೈ ಕೇಳಿಸಿಕೊಂಡರೆ ಸಮನಾಗಿ ಎರಡು.

ಈಗ ನಿಮ್ಮ ಪಾಠ ತಾಯಿ. ಬಲಗೈ ಒಂದು, ನಾಲ್ಕು, ಏಳು. ಎಡಗೈ ಒಂದು, ಐದು. ಸೇರಿಸಿದರೆ ಒಂದು, ನಾಲ್ಕು, ಐದು, ಏಳು. ಮಾತ್ರೆ ಮೂರು, ಒಂದು, ಎರಡು, ಎರಡು. ಪ್ಲುತ, ಲಘು, ಗುರು, ಗುರು.

ಬೇಗ ಬಾರೋ.

ದೂರದಲ್ಲಿ ಇರುವವರನ್ನು ಕರೆಯುವಾಗ ‘ಬೇ’ ಎಳೆಯುತ್ತೇವಲ್ಲ, ಹಾಗೆ ಎಳೆಯಿರಿ. ಬೇಏಗ ಬಾರೋ. ‘ಬೇ’ ಎರಡೂ ಕೈ, ‘ಗ’ ಬಲ, ‘ಬಾ’ ಎಡ, ‘ರೋ’ ಬಲ. ನಿಮ್ಮ ಎಡಗೈಗೆ ಇರುವುದು ‘ಬೇ’ ಮತ್ತು ‘ಬಾ’ ಎರಡೇ ಅಕ್ಷರ.

ಎಡಂತಲೆ (ಅರಕಲಗೂಡು)

ಮೇಷ್ಟ್ರೇ, ಕೈ ಮುಗಿದೆ. ನಾನು ಹೇಳೋಕೆ ಒದ್ದಾಡುತ್ತಿದ್ದದ್ದು ಇದೇ. ನಾಳೆಯಿಂದ ನಮ್ಮ ಮಕ್ಕಳಿಗೂ ಹೀಗೇ ಹೇಳಿಕೊಡುತ್ತೇನೆ. ಮೂರಕ್ಕೆ ನಾಲ್ಕು ಆಗುತ್ತದಾ? ತಿಶ್ರ ನಡೆಯಲ್ಲಿ ಎಲ್ಲರೂ ಎಡವುವುದು ಅಲ್ಲೇ. ಹಾಡು ಮೂರರಲ್ಲಿ ಹೋಗುತ್ತಿದ್ದರೂ ಒಳಗೆ ನಾಲ್ಕರ ಲೆಕ್ಕ ಓಡುತ್ತಲೇ ಇರುತ್ತದೆ.

ಮಲೆನಾಡು ಮದ್ದಳೆ (ಕೊಪ್ಪ)

ಯಕ್ಷಗಾನದಲ್ಲೂ ಇದೇ ಕಷ್ಟ ಇದೆ. ಒಂದು ವ್ಯತ್ಯಾಸ ಹೇಳುತ್ತೇನೆ. ನಮಗೆ ಕಣ್ಣು ವೇಷಧಾರಿಯ ಕಾಲಿನ ಮೇಲೆ, ಕಿವಿ ಭಾಗವತರ ತಾಳದ ಮೇಲೆ. ಕೈ ನೋಡಿಕೊಳ್ಳೋಕೆ ಸಮಯವೇ ಇರುವುದಿಲ್ಲ. ಅದರಿಂದ ಒಳ್ಳೆಯದೇ ಆಯಿತು. ಕೈಯನ್ನು ನೋಡುತ್ತಾ ಇದ್ದರೆ ಕೈ ಹೆದರುತ್ತದೆ. ಅಕ್ಕ, ಒಂದು ಹತ್ತು ನಿಮಿಷ ಕಿಟಕಿ ಹೊರಗೆ ನೋಡುತ್ತಾ ನುಡಿಸಿ.

ಸಕಲೇಶಪುರ ಅಪ್ಪ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮಗನಿಗೆ ಎಂಟು ವರ್ಷ, ಎಡಚ. ಬರೆಯುವುದು, ಚೆಂಡು ಎಸೆಯುವುದು ಎಲ್ಲಾ ಎಡಗೈಯಲ್ಲಿ. ಮೃದಂಗಕ್ಕೆ ಸೇರಿಸಬೇಕು. ಒಂದು ಕಡೆ ಕೇಳಿದಾಗ, ಬಲಗೈ ರೂಢಿ ಮಾಡಿಸಿಕೊಂಡು ಬನ್ನಿ ಅಂದರು. ಮಗುವಿನ ಮುಖ ಸಣ್ಣದಾಯಿತು. ಹಾಗೆ ಬದಲಾಯಿಸಲೇಬೇಕಾ?

ಎಡಂತಲೆ (ಅರಕಲಗೂಡು)

ಬೇಡ ಅಣ್ಣ. ದಯವಿಟ್ಟು ಬೇಡ. ಪಳನಿ ಸುಬ್ರಹ್ಮಣ್ಯ ಪಿಳ್ಳೈ ಅವರು ಎಡಗೈಯವರು. ಕಳೆದ ಶತಮಾನದ ದೊಡ್ಡ ಮೃದಂಗ ವಿದ್ವಾಂಸರ ಹೆಸರು ಹೇಳಿದರೆ ಅವರದು ಮೊದಲ ಸಾಲಿನಲ್ಲೇ ಬರುತ್ತದೆ. ಮೃದಂಗ ತಿರುಗಿಸಿ ಇಟ್ಟುಕೊಂಡರೆ ಆಯಿತು. ಕರಣೆ (ಕಪ್ಪು ಲೇಪ) ಇರುವ ಮುಖ ಎಡಗೈಗೆ, ರವೆ ಹಚ್ಚುವ ಮುಖ ಬಲಗೈಗೆ. ಎದುರಿಗೆ ಕೂತು ಕಲಿಯುವಾಗ ಎಡಗೈ ಮಗುವಿಗೆ ಒಂದು ಅನುಕೂಲವೂ ಇದೆ. ಗುರುಗಳು ಕನ್ನಡಿಯಲ್ಲಿ ಕಂಡಂತೆ ಕಾಣುತ್ತಾರೆ. ಹಾಗೇ ಅನುಸರಿಸಬಹುದು. ಒಪ್ಪುವ ಗುರುಗಳನ್ನು ಹುಡುಕಿ, ಸಿಗುತ್ತಾರೆ.

ನಿಮ್ಮ ಕಡೆ ಮಳೆ ಜಾಸ್ತಿ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಮೃದಂಗ ಗೋಡೆಗೆ ಒರಗಿಸಿ ಇಡಬೇಡಿ, ಬಟ್ಟೆ ಸುತ್ತಿ ಬೆಚ್ಚಗಿನ ಜಾಗದಲ್ಲಿ ಇಡಿ.

ಕಡೂರಿನ ಕನ್ನಡ ಮೇಷ್ಟ್ರು

ಮೂರಕ್ಕೆ ನಾಲ್ಕು ಸಿಕ್ಕಿತು. ಬೆಳಗ್ಗೆ ವಾಕಿಂಗ್ ಹೋದಾಗ ಹೊಳೆಯಿತು.

ಒಟ್ಟು ಹನ್ನೆರಡು ಮಾತ್ರೆ. ನಾಲ್ಕರ ಕೈ ಒಂದು, ನಾಲ್ಕು, ಏಳು, ಹತ್ತಕ್ಕೆ. ಮೂರರ ಕೈ ಒಂದು, ಐದು, ಒಂಬತ್ತಕ್ಕೆ. ಸೇರಿಸಿದರೆ ಆರು ಪೆಟ್ಟು. ಅಳತೆ ಮೂರು, ಒಂದು, ಎರಡು, ಎರಡು, ಒಂದು, ಮೂರು. ಹಿಂದಿನಿಂದ ಓದಿದರೂ ಅದೇ.

ಬೇಗ ತೋಟಕ್ಕೆ ಬಾ.

‘ಬೇ’ ಮತ್ತು ಕೊನೆಯ ‘ಬಾ’ ಎಳೆದು ಹೇಳಿ. ‘ಟ’ ಅಕ್ಷರದ ಮುಂದೆ ಒತ್ತಕ್ಷರ ಇರುವುದರಿಂದ ಅದು ತಾನಾಗಿ ಗುರು. ನಾಲ್ಕರ ಕೈಗೆ ಬೇ, ಗ, ಟ, ಬಾ. ಮೂರರ ಕೈಗೆ ಬೇ, ತೋ, ಕ್ಕೆ. ಎರಡೂ ಕೈ ಸೇರುವುದು ‘ಬೇ’ ಒಂದರಲ್ಲೇ.

ಇನ್ನೊಂದು ಹೇಳದೆ ಇರಲಾರೆ. ಐದರ ನಡೆ, ಏಳರ ನಡೆ ಕಷ್ಟ ಅಂತ ಎಲ್ಲರೂ ಹೆದರುತ್ತಾರೆ. ಇವು ನಮ್ಮ ಕಾವ್ಯದಲ್ಲಿ ನೂರಾರು ವರ್ಷದಿಂದ ಇವೆ. ದೇವನೂರು ನಮ್ಮ ಕಡೂರು ತಾಲ್ಲೂಕಿನಲ್ಲೇ ಇದೆ. ಜೈಮಿನಿ ಭಾರತದ ಲಕ್ಷ್ಮೀಶನ ಊರು. ಅವನ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ. ಐದೈದು ಮಾತ್ರೆಯ ಗಣ. ಭಾಮಿನಿ ಷಟ್ಪದಿ ಮೂರು-ನಾಲ್ಕು, ಮೂರು-ನಾಲ್ಕು ಅಂತ ಹೋಗುತ್ತದೆ, ಅಂದರೆ ಏಳು. ಸಂಗೀತದವರು ಖಂಡ, ಮಿಶ್ರ ಅನ್ನುವುದು ಇದೇ ಐದು, ಏಳು ಅಲ್ವಾ? ಷಟ್ಪದಿಯ ಒಂದು ಪದ್ಯ ಬಾಯಿಪಾಠ ಇದ್ದರೆ ಬೆರಳು ಮಡಿಸಿ ಎಣಿಸಬೇಕಾಗಿಲ್ಲ. ನಾನು ಪಾಠ ಮಾಡುವಾಗ ಮಕ್ಕಳು ಪ್ರಸ್ತಾರ ಹಾಕುವುದನ್ನು ಗಣಿತದ ತರ ಕಲಿತರು. ಬೆಂಚು ತಟ್ಟಿ ಹೇಳಿಸಿದ ವರ್ಷ ಮಾತ್ರ ಯಾರೂ ಮರೆಯಲಿಲ್ಲ.

ಎಡಂತಲೆ (ಅರಕಲಗೂಡು)

ಹೌದು, ಅದೇ. ಖಂಡಚಾಪು ಐದು, ಮಿಶ್ರಚಾಪು ಏಳು. ಮಿಶ್ರಚಾಪು ‘ತಕಿಟ ತಕಧಿಮಿ’, ಮೂರು-ನಾಲ್ಕು. ನೀವು ಹೇಳಿದ ಭಾಮಿನಿಯ ಲೆಕ್ಕವೇ.

ಕೀಬೋರ್ಡ್ ಚಿಕ್ಕಮಗಳೂರು

ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಾಫಿ ಕೊಡೋ ಮೂರೇ ನಿಮಿಷಕ್ಕೆ ಕೈಗೆ ಬಂತು. ಬೇಗ ತೋಟಕ್ಕೆ ಬಾ ಅರ್ಧ ಗಂಟೆ ಹಿಡಿಯಿತು. ಇದೇ ಮೂರಕ್ಕೆ ನಾಲ್ಕನ್ನು ನಾನು ಮೊದಲು ಬೇರೆ ಬೇರೆ ಕೈ ಮಾಡಿ ಕಲಿಯೋಕೆ ಹೋಗಿ ತಿಂಗಳುಗಟ್ಟಲೆ ಕಳೆದಿದ್ದೆ.

ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ. ರಾತ್ರಿ ಎಷ್ಟು ಮಾಡಿದರೂ ಬಾರದೆ ಬಿಟ್ಟದ್ದು ಮಾರನೇ ದಿನ ಬೆಳಗ್ಗೆ ಬಂದಿರುತ್ತದೆ. ನಿದ್ದೆಯಲ್ಲಿ ಮಿದುಳು ಕೈಯ ಪಾಠ ಗಟ್ಟಿ ಮಾಡಿಕೊಳ್ಳುತ್ತದೆ. ಅದಕ್ಕೇ ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು. ಮೆಟ್ರೊನೋಮ್ ಆ್ಯಪ್ ಇಟ್ಟುಕೊಳ್ಳಿ, ಆದರೆ ಪ್ರತಿ ಅಕ್ಷರಕ್ಕೂ (ತಾಳದ ಪ್ರತಿ ಎಣಿಕೆಗೂ) ಟಿಕ್ ಬೇಡ. ಮೊದಲು ಎರಡು ಅಕ್ಷರಕ್ಕೆ ಒಂದು. ಆಮೇಲೆ ನಾಲ್ಕಕ್ಕೆ ಒಂದು. ಕೊನೆಗೆ ಆವರ್ತಕ್ಕೆ ಒಂದೇ. ನಡುವಿನ ಕಾಲ ನೀವೇ ಹಿಡಿಯಬೇಕು.

ಡೊಳ್ಳು ಬೀರೂರು

ನಮ್ಮ ಡೊಳ್ಳಿನಲ್ಲಿ ಒಂದು ಕಡೆ ಕೋಲು, ಇನ್ನೊಂದು ಕಡೆ ಬರಿಗೈ. ಮೇಲೆ ಕುಣಿತ ಬೇರೆ. ನಮಗೆ ಯಾರೂ ಲೆಕ್ಕ ಹೇಳಲಿಲ್ಲ. ಮೊದಲು ಡೊಳ್ಳು ಕೊಡದೆ ಹೆಜ್ಜೆ ಒಂದನ್ನೇ ಹಾಕಿಸಿದರು. ಕಾಲು ಕಾಲ ಹಿಡಿದ ಮೇಲೆ ಕೈ ತಪ್ಪಲಿಲ್ಲ. ಅಕ್ಕ ಕೂತು ನುಡಿಸುವವರು. ಆದರೂ ಮನೆಯಲ್ಲಿ ನಡೆದಾಡುತ್ತಾ ಬಾಯಲ್ಲಿ ಹೇಳಿ ನೋಡಿ. ಹೆಜ್ಜೆ ತಾಳ, ಬಾಯಿ ತಕಿಟ.

ಹೇಮಾವತಿ ದಂಡೆ (ಹಾಸನ)

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕು.

ಮೊದಲ ನಾಲ್ಕು ದಿನ ಮೃದಂಗ ಮುಟ್ಟಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ ಬೋರಲು ಹಾಕಿ, ಬಲಕ್ಕೆ ಸಣ್ಣದು, ಎಡಕ್ಕೆ ದೊಡ್ಡದು, ಬೆರಳಲ್ಲಿ ತಟ್ಟಿದೆ. ಎರಡರ ಸದ್ದೂ ಬೇರೆ ಇರುವುದರಿಂದ ಮಾತು ಸ್ಪಷ್ಟವಾಗಿ ಕೇಳುತ್ತದೆ. ಬೇಏಗ ಬಾರೋ. ಮೂರನೇ ದಿನ ಹಾಲು ಕಾಯೋಕೆ ಇಟ್ಟು ತಟ್ಟುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎಡಗೈ ಬೇರೆ ಆಯಿತು. ನಾನೇನೂ ಮಾಡಲಿಲ್ಲ. ‘ಬಾ’ ಬಂದಾಗ ದೊಡ್ಡ ಲೋಟ ತಾನೇ ಸದ್ದು ಮಾಡಿತು. ಕಣ್ಣಲ್ಲಿ ನೀರು ಬಂತು. ಮಗಳು ಓದುವುದು ಬಿಟ್ಟು ಬಂದು ಏನಾಯಿತಮ್ಮಾ ಅಂದಳು. ಅವಳಿಗೂ ಹೇಳಿಕೊಟ್ಟೆ. ಅವಳಿಗೆ ಎರಡೇ ನಿಮಿಷಕ್ಕೆ ಬಂತು!

ಮೃದಂಗದಲ್ಲಿ ಈಗ ನಿಧಾನ ಕಾಲದಲ್ಲಿ ಸರಿಯಾಗಿ ಬರುತ್ತಿದೆ. ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಹತ್ತಕ್ಕೆ ಏಳು ಸಲ. ಹೆಗಲು ಇಳಿದಿದೆ.

ಒಂದು ಹೊಸ ಕಷ್ಟ ಬಂದಿದೆ. ಮುಕ್ತಾಯದಲ್ಲಿ ‘ತದಿಗಿಣತೊಂ’ ಮೂರು ಸಲ ಹೇಳುವಾಗ ನಡುವೆ ಎರಡೆರಡು ಮಾತ್ರೆ ಕಾರ್ವೆ (ಹೊಡೆಯದೆ ಬಿಡುವ ಜಾಗ) ಇದೆ. ನಾನು ಸಮಕ್ಕೆ, ಅಂದರೆ ತಾಳ ಮತ್ತೆ ಶುರುವಾಗುವ ಜಾಗಕ್ಕೆ, ಮುಂಚೆಯೇ ಬಂದು ಬಿಡುತ್ತೇನೆ.

ಎಡಂತಲೆ (ಅರಕಲಗೂಡು)

ಅಕ್ಕ, ಓದಿ ತುಂಬಾ ಸಂತೋಷ ಆಯಿತು.

ಲೆಕ್ಕ ಮೊದಲು ನೋಡಿ. ಐದು, ಎರಡು, ಐದು, ಎರಡು, ಐದು. ಒಟ್ಟು 19. ಆದಿತಾಳ ಚತುರಶ್ರ ನಡೆಯಲ್ಲಿ, ಅಂದರೆ ಎಂಟು ಅಕ್ಷರಕ್ಕೂ ನಾಲ್ಕು ನಾಲ್ಕು ಮಾತ್ರೆಯಂತೆ, 32 ಮಾತ್ರೆ. 13 ಬಿಟ್ಟು ಎತ್ತಬೇಕು. ಅಂದರೆ ನಾಲ್ಕನೇ ಅಕ್ಷರದ ಎರಡನೇ ಮಾತ್ರೆಗೆ ನಿಮ್ಮ ಮೊದಲ ‘ತ’. ಅಲ್ಲಿ ಎತ್ತಿದರೂ ಮುಂಚೆ ಬರುತ್ತಿದ್ದೀರಿ ಅಂದರೆ ಕಾರ್ವೆ ನುಂಗುತ್ತಿದ್ದೀರಿ. ಎಲ್ಲರೂ ನುಂಗುವುದೇ. ಕೈಗೆ ಕೆಲಸ ಇಲ್ಲದ ಮಾತ್ರೆ ಯಾವಾಗಲೂ ಚಿಕ್ಕದಾಗುತ್ತದೆ. ಒಂದು ತಿಂಗಳು ಆ ಕಾರ್ವೆಯಲ್ಲಿ ‘ತಕ’ ಅಂತ ಬಾಯಲ್ಲಿ ಮೆಲ್ಲಗೆ ಹೇಳಿ. ಕೈ ಸುಮ್ನೆ ಇರಲಿ. ಆಮೇಲೆ ಬಾಯಿಯೂ ಸುಮ್ಮನಾಗಲಿ.

ಸಾಧ್ಯ ಆದರೆ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಬನ್ನಿ. ಕಾವೇರಿ ದಂಡೆಯ ಊರು, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ಊರು. ನಡುವೆ ಕೂರಬೇಡಿ. ಮೃದಂಗದವರ ಎಡಗೈ ಕಾಣುವ ಕಡೆ ಕೂರಿ. ಎಲ್ಲಿ ಹೊಡೆಯುತ್ತಾರೆ ಅನ್ನುವುದಕ್ಕಿಂತ ಎಲ್ಲಿ ಸುಮ್ಮನೆ ಬಿಡುತ್ತಾರೆ ಅಂತ ನೋಡಿ.

ಸಕಲೇಶಪುರ ಅಪ್ಪ

ಗುರುಗಳು ಸಿಕ್ಕಿದರು. ಮಗನಿಗೆ ಮೃದಂಗ ತಿರುಗಿಸಿ ಇಟ್ಟು ಕೊಟ್ಟರು. ಮೊದಲ ಪಾಠ ಆಗಿದೆ. ಈಗ ಮನೆಯಲ್ಲಿ ಎಲ್ಲಾ ಡಬ್ಬ, ಬಕೆಟ್ಟಿನ ಮೇಲೂ ಕಾಫಿ ಕೊಡೋ ನಡೆಯುತ್ತಿದೆ. ಎಲ್ಲರಿಗೂ ತುಂಬಾ ಧನ್ಯವಾದ.

ಮಲೆನಾಡು ಮದ್ದಳೆ (ಕೊಪ್ಪ)

ಮೇಷ್ಟ್ರೇ, ನಾಲ್ಕಕ್ಕೆ ಐದು ಇದ್ದರೆ ಅದನ್ನೂ ಕೊಡಿ. ನಾನು ಎರಡು ದಿನದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಕಡೂರಿನ ಕನ್ನಡ ಮೇಷ್ಟ್ರು

ಇದಕ್ಕೆ ಒಂದು ವಾರ ಬೇಕಾಯಿತು. ಒಟ್ಟು ಇಪ್ಪತ್ತು ಮಾತ್ರೆ. ಐದರ ಕೈ ಒಂದು, ಐದು, ಒಂಬತ್ತು, ಹದಿಮೂರು, ಹದಿನೇಳಕ್ಕೆ. ನಾಲ್ಕರ ಕೈ ಒಂದು, ಆರು, ಹನ್ನೊಂದು, ಹದಿನಾರಕ್ಕೆ. ಸೇರಿಸಿದರೆ ಎಂಟು ಪೆಟ್ಟು. ಅಳತೆ ನಾಲ್ಕು, ಒಂದು, ಮೂರು, ಎರಡು, ಎರಡು, ಮೂರು, ಒಂದು, ನಾಲ್ಕು.

ಸಂಜೆ ಬೇಲೂರ್ ಬಸ್ಸಲ್ಲಿ ಬಾ.

ಐದರ ಕೈಗೆ ಸಂ, ಜೆ, ಲೂರ್, ಸಲ್, ಬಾ. ನಾಲ್ಕರ ಕೈಗೆ ಸಂ, ಬೇ, ಬಸ್, ಲಿ. ‘ಸಂ’ ಮತ್ತು ‘ಬಾ’ ತುಂಬಾ ಎಳೆಯಬೇಕು, ‘ಬೇ’ ಮತ್ತು ‘ಸಲ್’ ಸ್ವಲ್ಪ. ‘ಜೆ’ ಮುಗಿದ ತಕ್ಷಣ ‘ಬೇ’ ಬರಬೇಕು, ‘ಲಿ’ ಆದ ತಕ್ಷಣ ‘ಬಾ’. ಆ ಎರಡು ಜಾಗ ಗಟ್ಟಿಯಾದರೆ ಉಳಿದದ್ದು ಕೂರುತ್ತದೆ. ಮಾಡಿ ನೋಡಿ ಹೇಳಿ.

ಹೇಮಾವತಿ ದಂಡೆ (ಹಾಸನ)

‘ಜೆ ಬೇ’ ಹತ್ತಿರ ಎರಡು ಕೈ ಅಂಟಿಕೊಳ್ಳುತ್ತಿವೆ ಸರ್. ದೊಡ್ಡ ಲೋಟ ಎಡಕ್ಕೆ ಇಟ್ಟು ಮತ್ತೆ ಶುರು ಮಾಡಿದ್ದೇನೆ.